ಹೆಲ್ಮೆಟ್ಟಿನೊಳಗಿನ ಹುಣಸೆಬೀಜ

ಇಡ್ಲಿ ಪಾತ್ರೆಯಿಂದ ಇಡ್ಲಿ ಇಳಿಸಿದ ಹಾಗೆ ನನ್ನನ್ನು ಅಚ್ಚಿನಿಂದ ಇಳಿಸಿದರು. ಜೊತೆಗೆ ಹುಟ್ಟಿದವರೆಲ್ಲ ಥೇಟ್ ನನ್ನ ಹಾಗೇ ಕೆಂಪಗೆ, ಗುಂಡಗೆ, ಒಳಗೆ ಟೊಳ್ಳು. ಹೌದು, ನಾನೊಂದು ಹೆಲ್ಮೆಟ್ಟು. ತಲೆ ಇಲ್ಲದವರು ಲೋಕದಲ್ಲಿ ಬಹಳ ಮಂದಿ. ಇಲ್ಲ ಎಂದು ಒಪ್ಪಿಕೊಳ್ಳುವವರು ನಾವು ಮಾತ್ರ.

ದಾವಣಗೆರೆಯ ರಸ್ತೆ ಬದಿಯಲ್ಲಿ ಹಗ್ಗಕ್ಕೆ ನೇತುಬಿದ್ದು ಧೂಳು ಕುಡಿಯುತ್ತಿದ್ದಾಗ ಗಿರಿಜಾಂಬ ಮೇಡಂ ಸ್ಕೂಟರ್ ನಿಲ್ಲಿಸಿದರು. ಮಹಿಳಾ ಕಾಲೇಜೊಂದರ ದೈಹಿಕ ಶಿಕ್ಷಣದ ಮೇಡಂ. ಕೊರಳಲ್ಲಿ ಸೀಟಿ, ನೆತ್ತಿಯ ಮೇಲೆ ತೆಂಗಿನಕಾಯಿ ಗಾತ್ರದ ತುರುಬು.

"ತುರುಬಿನ ಮ್ಯಾಲೆ ಇದು ಕೂರಂಗಿಲ್ರಿ ಮೇಡಮ್ಮೋರೆ," ಎಂದ ಮಾರುವವನು.

"ತುರುಬು ಇಳಿಸ್ಬೋದು ಕಣಪ್ಪ, ರೂಲ್ಸ್ ಇಳಿಸಕ್ಕಾಗಲ್ಲ. ಕೊಡು."

ಅಂದಿನಿಂದ ತುರುಬು ಕುತ್ತಿಗೆಗಿಳಿಯಿತು, ನಾನು ನೆತ್ತಿಗೇರಿದೆ. ಕೊಡ, ಕುರ್ಚಿ, ಚಪ್ಪಲಿಗಳೆಲ್ಲ ತಮ್ಮ ಯಜಮಾನರನ್ನು ಕೆಳಗಿನಿಂದ ನೋಡುತ್ತವಂತೆ. ನಾನು ನೋಡಿದ್ದು ಮೇಲಿನಿಂದ. ಮೇಡಮ್ಮಿನ ಬಣ್ಣ ಹಚ್ಚಿದ ಕೂದಲಿನ ಬುಡದ ಬಿಳಿ ನನಗೊಬ್ಬನಿಗೇ ಗೊತ್ತು. ಕೆಂಪು ದೀಪಕ್ಕೆ ನಿಲ್ಲದೆ ನುಗ್ಗುವವರನ್ನು ಅವರು ನನ್ನೊಳಗೇ ಬೈಯುತ್ತಿದ್ದರು. ಆ ಬೈಗುಳಗಳಲ್ಲಿ ಕೆಲವು ಇನ್ನೂ ನನ್ನ ಸ್ಪಂಜಿನಲ್ಲಿ ಇಂಗಿಕೊಂಡಿವೆ.

ನಾನು ತಲೆಕೆಳಗಾದದ್ದು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಿಂದ. ಅಲ್ಲಿ ತಂಡ ಆರಿಸುವುದೆಂದರೆ ಕ್ಯಾಪ್ಟನ್ನುಗಳು ಸಾಲಾಗಿ ನಿಂತು, ತರಕಾರಿ ಆರಿಸಿದ ಹಾಗೆ "ನೀನು ಬಾರೆ, ನೀನು ಬಾರೆ" ಎಂದು ಕರೆಯುವುದು. ಕೊನೆಗುಳಿದ ಹುಡುಗಿ ಬಿಚ್ಚದ ಶೂ ಲೇಸನ್ನು ಬಗ್ಗಿ ಮತ್ತೆ ಕಟ್ಟುತ್ತಿದ್ದಳು. ಒಂದು ವರ್ಷ ಅದನ್ನು ನೋಡಿದ ಮೇಡಂ, ತೋಳಿಗೆ ಸಿಕ್ಕಿಸಿಕೊಂಡಿದ್ದ ನನ್ನನ್ನು ತೆಗೆದು ಬುಡಮೇಲು ಹಿಡಿದರು.

"ಬಳೆ, ಕ್ಲಿಪ್ಪು, ಬೀಗದ ಕೈ, ನಿಮ್ ನಿಮ್ಮದು ಒಂದೊಂದು ಸಾಮಾನು ಇದರೊಳಗೆ ಹಾಕ್ರಿ. ನಾನು ಆ ಕಡೆ ತಿರುಗಿರ್ತೀನಿ. ಆಮೇಲೆ ಕಣ್ಮುಚ್ಚಿ ಎತ್ತೀನಿ. ಒಂದು ಈ ತಂಡಕ್ಕೆ, ಒಂದು ಆ ತಂಡಕ್ಕೆ. ಯಾರೂ ಯಾರನ್ನೂ ಆರಿಸೋದು ಬ್ಯಾಡ."

ಅದೇ ಪದ್ಧತಿಯಾಯಿತು. ನಾಲ್ಕು ತಂಡ ಮಾಡಿದ ಮೇಲೆ ಒಬ್ಬಳು ಮಿಗುತ್ತಿದ್ದಳು. ಕೊನೆಗೆ ನನ್ನೊಳಗೆ ಉಳಿದ ಸಾಮಾನು ಯಾರದೋ ಅವಳು ಎಕ್ಸ್‌ಟ್ರಾ. ಮೇಜಿನ ಮುಂದೆ ಕೂತು ಸ್ಲೇಟಿನ ಮೇಲೆ ಸ್ಕೋರು ಬರೆಯಬೇಕು.

ಎರಡು ವರ್ಷ ಸತತವಾಗಿ ಎಕ್ಸ್‌ಟ್ರಾ ಆದವಳು ಕೊಟ್ರಮ್ಮ. ಹರಪನಹಳ್ಳಿ ಕಡೆಯ ಹಾಸ್ಟೆಲ್ ಹುಡುಗಿ. ಕಿವಿಯಲ್ಲಿ ಓಲೆಯ ಬದಲು ಬೇವಿನ ಕಡ್ಡಿ, ಕೈಯಲ್ಲಿ ಬಳೆಯ ಬದಲು ದಾರ. ನನ್ನೊಳಗೆ ಹಾಕಲು ಅವಳ ಬಳಿ ಇದ್ದದ್ದು ಹಾಸ್ಟೆಲಿನಲ್ಲಿ ಚೌಕಾಬಾರ ಆಡುವ ಹುಣಸೆಬೀಜ. ಅದು ನುಣುಪು, ಜಾರುಗುಳಿ. ಬಿದ್ದೊಡನೆ ಕಂಬಳಿಗೆ ನುಗ್ಗುವ ಬೆಕ್ಕಿನ ಹಾಗೆ ನನ್ನ ತಳಕ್ಕೆ ಹೋಗಿ ಮಲಗುತ್ತಿತ್ತು. ಸ್ಕೋರು ಬರೆಯುತ್ತಲೇ ಅವಳು ಎಲ್ಲರ ದನಿ ಕಲಿತಳು. ಮೇಡಮ್ಮಿನ ಸೀಟಿಯ ಸದ್ದನ್ನು ಬರಿ ಬಾಯಲ್ಲೇ ಹೊರಡಿಸಿ ಆಟ ನಿಲ್ಲಿಸಿದವಳು ಅವಳು. ಎಲ್ಲರೂ ನಗುತ್ತಿದ್ದರು. ಆಟ ಮುಗಿದ ಮೇಲೆ ಖಾಲಿ ಅಂಗಳದಲ್ಲಿ ಒಬ್ಬಳೇ ಚೆಂಡು ಎಸೆಯುತ್ತಿದ್ದದ್ದು ಮಾತ್ರ ಮೇಜಿನ ಮೇಲಿದ್ದ ನನಗೆ ಕಾಣುತ್ತಿತ್ತು.

ಮೂರನೆಯದು ಅವಳ ಕೊನೆಯ ವರ್ಷ. "ಈ ಸಲನಾರ ಆಡಿಸವ್ವ," ಎಂದು ನನ್ನೊಳಗೇ ಬಾಯಿಟ್ಟು ಪಿಸುಗುಟ್ಟಿ ಬೀಜ ಬಿಟ್ಟಳು. ನಾನು ಯಾವಾಗ ಅವ್ವನಾದೆನೋ!

ಆದರೆ ಆ ವರ್ಷ ಒಳಗೊಳಗೇ ಬೇರೊಂದು ಆಟ ನಡೆದಿತ್ತು. ಹಿಂದಿನ ಸಲ ಒಬ್ಬಳ ಜುಮುಕಿ ಇನ್ನೊಬ್ಬಳ ಕರ್ಚೀಫಿಗೆ ಸಿಕ್ಕಿಕೊಂಡು ಎರಡೂ ಒಟ್ಟಿಗೆ ಬಂದಿದ್ದವು. "ಒಟ್ಟಿಗೆ ಬಂದದ್ದು ಒಟ್ಟಿಗೇ ಆಡ್ಲಿ," ಎಂದಿದ್ದರು ಮೇಡಂ. ತನುಜಾ ಎಂಬ ಚುರುಕು ಹುಡುಗಿಗೆ ಅಷ್ಟು ಸಾಕಾಯಿತು. ಕಾಲೇಜಿನಲ್ಲೇ ಎತ್ತರದ, ಎಸೆದದ್ದೆಲ್ಲ ಬುಟ್ಟಿಗೇ ಬೀಳಿಸುವ ಶಾಹೀನ್ ತನ್ನ ಸ್ಕೂಟಿಯ ಬೀಗದ ಕೈ ಗೊಂಚಲು ಹಾಕಿದಳಲ್ಲ, ತನುಜಾ ಹಿಂದೆಯೇ ಕೈ ಹಾಕಿ ತನ್ನ ಬಳೆಯನ್ನು ಪಿನ್ನಿನಿಂದ ಅದಕ್ಕೆ ಸಿಕ್ಕಿಸಿದಳು. ಶಾಹೀನ್ ಇದ್ದ ಕಡೆ ತಾನು, ತಾನಿದ್ದ ಕಡೆ ಗೆಲುವಿನ ಕಪ್!

ಈ ಬುದ್ಧಿ ತನಗೊಬ್ಬಳಿಗೇ ಹೊಳೆದಿದೆ ಎಂದುಕೊಂಡಿದ್ದಳು ಪಾಪ. ಅವಳ ಹಿಂದೆ ಬಂದವಳೂ ಹಾಗೇ ಅಂದುಕೊಂಡಿದ್ದಳು. ಅವಳ ಹಿಂದಿನವಳೂ. ಮೇಡಂ ಅತ್ತ ತಿರುಗಿ ಪ್ರಾಮಾಣಿಕವಾಗಿ ಬೇವಿನ ಮರ ನೋಡುತ್ತಿದ್ದರು. ಇತ್ತ ಕೈಮೇಲೆ ಕೈ ಬಂದು ನನಗೆ ಕಚಗುಳಿಯೋ ಕಚಗುಳಿ.

ಮೇಡಂ ಕಣ್ಣು ಮುಚ್ಚಿ ಕೈ ಹಾಕಿ ಒಂದು ಕ್ಲಿಪ್ಪು ಹಿಡಿದು ಎಳೆದರು. ಕ್ಲಿಪ್ಪಿನ ಹಿಂದೆ ಬಳೆ, ಬಳೆಯ ಹಿಂದೆ ಸರ, ಸರದ ಹಿಂದೆ ಗೆಜ್ಜೆ. ಹೂವಾಡಗಿತ್ತಿ ಮೊಳ ಹಾಕಿದಂತೆ ಎಳೆದಷ್ಟೂ ಬಂತು. ಕೊನೆಗೆ ಇಡೀ ಪಂದ್ಯಾವಳಿ ಮೇಡಮ್ಮಿನ ಕೈಯಿಂದ ಜೋತಾಡುತ್ತಿತ್ತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು.

ನನ್ನ ತಳದಲ್ಲಿ ಉಳಿದದ್ದು ಹುಣಸೆಬೀಜ ಒಂದೇ. ಅದಕ್ಕೆ ಸಿಕ್ಕಿಸಲು ತೂತಿಲ್ಲ, ಕೊಕ್ಕೆಯಿಲ್ಲ. ಸಿಕ್ಕಿಸುವ ಮನಸ್ಸು ಯಾರಿಗೂ ಇರಲೂ ಇಲ್ಲ.

"ಅಯ್ಯೋ, ಮತ್ತೆ ಕೊಟ್ರಿನೇ ಎಕ್ಸ್‌ಟ್ರಾ!" ಎಂದು ಯಾರೋ ಕಿಸಕ್ಕೆಂದರು. ಎಲ್ಲರ ದನಿಯೂ ಬರುವ ಕೊಟ್ರಮ್ಮನಿಗೆ ಆಗ ತನ್ನದೇ ದನಿ ಬರಲಿಲ್ಲ. ಬಗ್ಗಿ ಲೇಸು ಕಟ್ಟತೊಡಗಿದಳು.

ಮೇಡಂ ಆ ಲೇಸು ನೋಡಿದರು. "ಚಂದ ಐತ್ರವ್ವ. ಒಟ್ಟಿಗೆ ಬಂದದ್ದು ಒಟ್ಟಿಗೇ ಅಂದಿದ್ದು ನಾನೇ. ಹಂಗಾದ್ರೆ ನೀವೆಲ್ಲ ಒಂದೇ ತಂಡ. ಎದುರಿಗೆ ಯಾರು, ಈ ಕಂಬನಾ? ಕೂತು ಬಿಚ್ರಿ ಎಲ್ಲಾನೂ!"

ಬಿಚ್ಚಿದರು. ಈ ಸಲ ಮೇಡಂ ಒಂದೊಂದನ್ನೂ ಬಿಡಿಯಾಗಿ ಹಾಕಿಸಿ, ನನ್ನ ಹಲ್ಲುದುರುವ ಹಾಗೆ ಕುಲುಕಿದರು. ಹಲ್ಲಿದ್ದಿದ್ದರೆ ಉದುರುತ್ತಿತ್ತು. ಬಳೆ ಬಂತು, ಗೆಜ್ಜೆ ಬಂತು. ಆ ಸಾಮಾನುಗಳ ನಡುವೆ ಹುಣಸೆಬೀಜವೂ ಬಂತು. ಕೊಟ್ರಮ್ಮ ಹಾರಲೂ ಇಲ್ಲ, ಕೂಗಲೂ ಇಲ್ಲ. ಎಲ್ಲಿ ವಾಪಸ್ ಕೇಳುತ್ತಾರೋ ಎಂದು ಬೀಜವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಕೊನೆಗೆ ತಳದಲ್ಲಿ ಠಣ್ಣೆಂದದ್ದು ಭಾರದ ಬೀಗದ ಕೈ ಗೊಂಚಲು.

ಈ ಸಲ ಶಾಹೀನ್ ಎಕ್ಸ್‌ಟ್ರಾ. ತನುಜಾ ಬಾಯಿಬಿಟ್ಟಳು: "ಮೇಡಂ, ಶಾಹೀನ್ ಇಲ್ದೆ ಪಂದ್ಯ ಏನ್ ಚಂದ್ರಿ? ಇನ್ನೊಂದ್ ಸಲ ಎತ್ರಿ."

ಮೇಡಮ್ಮಿನ ಬೆರಳು ನನ್ನ ಅಂಚನ್ನು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಶಾಹೀನಳ ಆಟವೆಂದರೆ ಅವರಿಗೆ ಪ್ರಾಣ. ಆ ತಲೆಯ ಮೇಲೆ ದಿನಾ ಕೂತ ನನಗೆ ಗೊತ್ತಿಲ್ಲವೇ? ಇನ್ನೊಂದು ಸಲ ಎತ್ತಿದರೆ ಇಲ್ಲಿಗೆ ನನ್ನ ಕೆಲಸವೂ ಮುಗಿಯಿತು, ತಂಡ ಆರಿಸುವುದು ಮತ್ತೆ ಕ್ಯಾಪ್ಟನ್ನುಗಳ ನಾಲಿಗೆಗೇ ಹೋಯಿತು ಎಂದುಕೊಂಡೆ.

ಅಷ್ಟರಲ್ಲಿ ಶಾಹೀನಳೇ ಬಂದು ಕೈಹಾಕಿ ಗೊಂಚಲು ಎತ್ತಿಕೊಂಡಳು. "ಎರಡು ವರ್ಷ ಕೊಟ್ರಿ ಕೂತಾಗ ಇನ್ನೊಂದ್ ಸಲ ಎತ್ರಿ ಅಂತ ನಾವ್ಯಾರೂ ಅನ್ಲಿಲ್ಲ. ಎಲ್ಲೈತೆ ಸೀಮೆಸುಣ್ಣ?"

ಮೇಡಂ ಸೀಮೆಸುಣ್ಣ ಕೊಟ್ಟರು.

ಕೊಟ್ರಮ್ಮ ಆಡಿದಳು. ಎದುರು ತಂಡದ ತನುಜಾಳ ದನಿಯಲ್ಲಿ "ಇಲ್ಲಿ ಕೊಡೇ!" ಎಂದು ಕೂಗಿ ಅವರ ಚೆಂಡು ಅವರಿಂದಲೇ ಇಸಿದುಕೊಂಡಾಗ ಮೇಡಂ ಸೀಟಿ ಊದಿದರು. "ಕೊಟ್ರಮ್ಮಾ! ಫೌಲು ಕೈಗೊಂದೇ ಅಲ್ಲ, ಬಾಯಿಗೂ ಐತಿ!" ಆಮೇಲೆ ಬಾಯಿ ಮುಚ್ಚಿಕೊಂಡು ಆಡಿದಳು. ಮುಗಿಯುವ ಹೊತ್ತಿಗೆ ಅವಳೆಸೆದ ಚೆಂಡು ಬುಟ್ಟಿಯ ಕಬ್ಬಿಣದ ಬಳೆಯ ಮೇಲೆ ಸುತ್ತಿತು, ಸುತ್ತಿತು, ಯೋಚಿಸಿತು, ಒಳಗೆ ಬಿತ್ತು. ಶಾಹೀನ್ ಮೇಜಿನ ಮೇಲೆಯೇ ಹತ್ತಿ ಕುಣಿದಳು.

"ಕುಣಿದದ್ದು ಸಾಕು ತಾಯಿ, ಮೊದಲು ಬರಿ!" ಎಂದರು ಮೇಡಂ.

ಕೊಟ್ರಮ್ಮನ ತಂಡ ಸೋತಿತು. ಆದರೂ ಸಂಜೆ ಅವಳು ಬಂದು, ಬೆವರಿಗೆ ನೆಂದ ಬೀಜವನ್ನು ನನ್ನೊಳಗೆ ಹಾಕಿ, "ಇನ್ನು ನೀನೇ ಇಟ್ಕೊಳವ್ವ," ಎಂದು ಹೋದಳು. ಅದು ಸ್ಪಂಜಿನ ಸಂದಿಗೆ ಸೇರಿಕೊಂಡಿತು.

ಕೆಲವು ವರ್ಷಗಳ ನಂತರ ಸ್ಕೂಟರ್ ಜಾರಿ ಬಿದ್ದಾಗ ನಾನು ಬಿರುಕು ಬಿಟ್ಟೆ. ಮೇಡಮ್ಮಿನ ತಲೆ ಬಿಡಲಿಲ್ಲ. ಹುಟ್ಟಿದ್ದಕ್ಕೆ ಸಾರ್ಥಕ. ಈಗ ಅವರು ನಿವೃತ್ತರು. ಹೊಸ ಸರ್ ಮೊಬೈಲಿನಲ್ಲೇ ತಂಡ ಮಾಡುತ್ತಾರೆ. ನಾನು ಕ್ರೀಡಾ ಕೊಠಡಿಯ ಮೂಲೆಯಲ್ಲಿ, ಗಾಳಿ ಹೋದ ಚೆಂಡುಗಳ ನಡುವೆ ಹಿರಿಯನಾಗಿ ಕೂತಿದ್ದೇನೆ.

ಗುಡಿಸಲು ಬಂದವರು ಎತ್ತಿದಾಗ ಒಳಗೆ ಟಕ್ ಟಕ್ ಎನ್ನುತ್ತದೆ. "ಒಳಗೇನೋ ಮುರಿದೈತಿ, ಎಸೀರಿ," ಎನ್ನುತ್ತಾರೆ. ಮುರಿದಿಲ್ಲ ಸ್ವಾಮಿ. ಒಬ್ಬಳು ಇನ್ನೂ ಉಳಿದಿದ್ದಾಳೆ, ಅವಳನ್ನೂ ಕರೆಯಿರಿ ಎನ್ನುತ್ತಿದೆ, ಅಷ್ಟೆ.