ಕಾವಿಗೆ ಕೂತ ಕೋಳಿ

ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಬಸಣ್ಣ ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದ, “ಭಾವ, ಕೋಳಿ ಎಲ್ಲಿ?”

ಮುನಿಆಂಜನಪ್ಪನಿಗೆ ಕೇಳಿಸಲಿಲ್ಲ. ಬೆಳಗಿನಿಂದ ಯಾರ ಮಾತೂ ನೆಟ್ಟಗೆ ಅವನ ಕಿವಿಗೆ ಬೀಳುತ್ತಿರಲಿಲ್ಲ. ಗರುಡಾಚಾರ್‌ಪಾಳ್ಯದ ಅವನ ಮನೆ ಮುಂದೆ ಶಾಮಿಯಾನ ಎದ್ದಿತ್ತು. ಬಾಡಿಗೆಯವರು ತಮ್ಮ ಬೈಕುಗಳನ್ನೆಲ್ಲ ತಳ್ಳಿ ಜಾಗ ಮಾಡಿಕೊಟ್ಟಿದ್ದರು. ಬೆಂಚಿನ ಮೇಲೆ ಅವನ ಹೆಂಡತಿ ಆಂಜನಮ್ಮ ಕೆನ್ನೆಗೆ ಅರಿಶಿನ ಹಚ್ಚಿಸಿಕೊಂಡು ಮಲಗಿದ್ದಳು. ವಾರದಿಂದ ಸುಸ್ತು ಸುಸ್ತು ಅನ್ನುತ್ತಿದ್ದವಳು ಬೆಳಗಿನ ಜಾವ ಕಾಫಿಗೆಂದು ಎಬ್ಬಿಸಿದರೆ ಏಳಲಿಲ್ಲ. ಅಷ್ಟೇ ಆದದ್ದು. ನಲವತ್ತು ವರ್ಷ ಅವನಿಗಿಂತ ಮುಂಚೆ ಎದ್ದವಳು ಇವತ್ತು ಮಾತ್ರ ಹೀಗೆ ಮಾಡಿಬಿಟ್ಟಳಲ್ಲ ಎಂದು ಅವನಿಗೆ ಸಿಟ್ಟೂ ಬರುತ್ತಿತ್ತು.

“ಭಾವ, ನಿನ್ನೇ ಕೇಳ್ತಿರೋದು. ಇವತ್ತು ಶನಿವಾರ. ಚಟ್ಟಕ್ಕೆ ಕೋಳಿ ಕಟ್ಬೇಕು.”

ಬಸಣ್ಣ ಆಂಜನಮ್ಮನ ತಮ್ಮ. ತವರಿನವನು ಅನ್ನುವ ಹಕ್ಕಿನಿಂದ ಎಲ್ಲವನ್ನೂ ಅವನೇ ಮುಂದೆ ನಿಂತು ಮಾಡಿಸುತ್ತಿದ್ದ. ಅಳು ಬಂದಾಗಲೆಲ್ಲ ಯಾರನ್ನಾದರೂ ಗದರುತ್ತಿದ್ದ. ಶನಿವಾರ ಹೊರಟ ಹೆಣದ ಜೊತೆ ಒಂದು ಕೋಳಿಯನ್ನು ಕಳಿಸದಿದ್ದರೆ, ಹೋದವರು ಮನೆಯಿಂದ ಇನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳುತ್ತಾರೆಂದು ಊರು ನಂಬಿತ್ತು. ಊರಿನ ಮಾತೇಕೆ, ಮುನಿಆಂಜನಪ್ಪನೂ ನಂಬಿದ್ದ.

“ಮುದಸ್ಸಿರ್ ಅಣ್ಣಂಗೆ ಫೋನ್ ಮಾಡಿದೀನಿ ಮಾವ. ಬರ್ತಾ ಅಂಗ್ಡಿಯಿಂದ ಒಂದು ತರ್ತಾರೆ,” ಅಂದ ಮಗ ಶ್ರೀನಾಥ್. ರಸೆಲ್ ಮಾರುಕಟ್ಟೆ ಹಿಂದೆ ಕೋಳಿ ಅಂಗಡಿ ಇಟ್ಟಿರುವ ಮುದಸ್ಸಿರ್ ಈ ಮನೆಗೆ ಹಳೇ ಸ್ನೇಹಿತ.

“ಅಂಗ್ಡಿ ಕೋಳಿ ನಡಿಯಾಕಿಲ್ಲ. ಅಕ್ಕನ ಕೈಯಾಗೆ ಕಾಳು ತಿಂದಿದ್ದೇ ಆಗ್ಬೇಕು. ಮ್ಯಾಲೆ ಒಂದೈತಲ್ಲ, ಬೋಳ್ಕತ್ತಿಂದು, ಅದನ್ನ ತನ್ನಿ.”

“ಅದು ಕಾವಿಗೆ ಕೂತಿದೆ,” ಅಂದ ಮುನಿಆಂಜನಪ್ಪ. ಬೆಳಗಿನಿಂದ ಅವನು ಆಡಿದ ಮೊದಲ ಪೂರ್ತಿ ಮಾತು ಅದು.

ಬಸಣ್ಣ ಹಗ್ಗ ಬಿಟ್ಟು ಹತ್ತಿರ ಬಂದ. ದನಿ ತಗ್ಗಿಸಿದ. “ಮನೇಲಿ ಬಸುರಿ ಹೆಣ್ಮಗಳವ್ಳೆ ಭಾವ. ಇನ್ನೂ ಬಿಡಿಸಿ ಹೇಳ್ಬೇಕಾ ನಾನು?”

ಒಳಗೆ ಗೋಡೆಗೆ ಒರಗಿ ಕೂತಿದ್ದ ಸೊಸೆ ಭವ್ಯಳ ಕಡೆ ಮುನಿಆಂಜನಪ್ಪನ ಕಣ್ಣು ಹೋಯಿತು. ಏಳು ತಿಂಗಳು ತುಂಬಿ ಎಂಟರಲ್ಲಿತ್ತು. ಅವನು ಮೆಟ್ಟಿಲು ಹತ್ತಿದ.

ಮಹಡಿಯ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಒಂದು ಹಳೇ ಮಂಕರಿ. ಹುಲ್ಲಿನ ಮೇಲೆ ಕೆಂಚು ಹೇಂಟೆ ರೆಕ್ಕೆ ಅಗಲಿಸಿ ಕೂತಿತ್ತು. ಕತ್ತಿಗೆ ಒಂದು ಪುಕ್ಕವಿಲ್ಲ, ಕೆಂಪು ಚರ್ಮ. ಅದನ್ನು ನೋಡಿದಾಗಲೆಲ್ಲ ‘ನಿನ್ನ ಕೋಳಿಗೆ ಯಾರೋ ಅರ್ಧ ಕ್ಷೌರ ಮಾಡಿ ಎದ್ದೋಗವ್ರೆ ಕಣೇ’ ಎಂದು ಅವನು ಹೆಂಡತಿಯನ್ನು ರೇಗಿಸುತ್ತಿದ್ದ. ಈ ಬೇಸಿಗೆಯಲ್ಲಿ ರೋಗ ಬಂದು ಮಹಡಿಯ ಕೋಳಿಗಳೆಲ್ಲ ಹೋಗಿ, ಇದೊಂದು ಹೇಂಟೆ ಮತ್ತು ಒಂದು ಹುಂಜ ಉಳಿದಿದ್ದವು. ಇದು ಕಾವಿಗೆ ಕೂತ ಮೇಲೆ ಹುಂಜವನ್ನು ಬೆಕ್ಕು ಹೊತ್ತೊಯ್ದಿತು. ಆ ತಳಿಯಲ್ಲಿ ಇನ್ನು ಇರುವುದೆಂದರೆ ಇದು, ಇದರ ಹೊಟ್ಟೆಯಡಿಯ ಮೊಟ್ಟೆಗಳು.

ಅವನು ಬಗ್ಗಿ ಕೈ ಚಾಚಿದ. ಕೋಳಿ ಗುರ್ರೆಂದು ಮೈ ಉಬ್ಬಿಸಿತು. ಕೈ ಹಿಂದಕ್ಕೆ ಬಂತು.

* * *

ಎದುರಿಗೆ ಈಗ ಗಾಜಿನ ಆಫೀಸು ನಿಂತಿರುವ ಕಡೆ ಆಗ ಅವರ ರಾಗಿ ಹೊಲವಿತ್ತು. ಹೊಲದ ಅಂಚಿಗೆ ಮುನಿಆಂಜನಪ್ಪ ತಗಡಿನ ಶೆಡ್ಡು ಹಾಕಿ ಬಿಳಿ ಫಾರಂ ಕೋಳಿ ತಂದು ತುಂಬಿದ. ವರ್ಷವಿಡೀ ಮೊಟ್ಟೆ ಇಡುವ ಜಾತಿ. ಮುದಸ್ಸಿರ್ ವ್ಯಾನು ತಂದು ಮೊಟ್ಟೆ ತುಂಬಿಕೊಂಡು ಹೋಗುತ್ತಿದ್ದ. ಆಂಜನಮ್ಮ ಮಾತ್ರ ಹಿತ್ತಿಲಲ್ಲಿ ತನ್ನ ನಾಟಿ ಕೋಳಿಗಳನ್ನು ಬಿಟ್ಟುಕೊಂಡಿದ್ದಳು.

“ಮೊಟ್ಟೆ ಇಕ್ಕಾದು ಗೊತ್ತು, ಕಾವು ಕೂರಾದು ಗೊತ್ತಿಲ್ಲ. ಇದೇನು ಕೋಳಿನೋ,” ಎಂದು ಅವನ ಬಿಳಿ ಕೋಳಿಗಳನ್ನು ಆಡಿಕೊಳ್ಳುತ್ತಿದ್ದಳು.

ಒಂದು ಬೇಸಿಗೆ ಕೊಕ್ಕರೆ ರೋಗ ಬಂತು. ಎರಡನೇ ಲಸಿಕೆಗೆ ಇನ್ನೂ ವಾರವಿತ್ತು. ಬೆಳಗ್ಗೆ ಮೇವು ಹಾಕಲು ಹೋದವನಿಗೆ ಶೆಡ್ಡಿನಲ್ಲಿ ಸದ್ದೇ ಇಲ್ಲ. ಕೆಲವು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದವು, ಕೆಲವಕ್ಕೆ ಕತ್ತು ತಿರುಚಿಕೊಂಡಿತ್ತು. ಅವನು ಬಾಗಿಲಲ್ಲೇ ಕುಸಿದು ಕೂತುಬಿಟ್ಟ. ಒಳಗೆ ಹೋದವಳು ಆಂಜನಮ್ಮ. ತಾನು ದಿನವೂ ಆಡಿಕೊಳ್ಳುತ್ತಿದ್ದ ಅದೇ ಕೋಳಿಗಳನ್ನು ಒಂದೊಂದಾಗಿ ತೊಡೆ ಮೇಲೆ ಇಟ್ಟುಕೊಂಡು, ಬತ್ತಿಯಿಂದ ಕೊಕ್ಕಿಗೆ ನೀರು ಹಿಂಡಿದಳು.

“ಬದುಕಲ್ಲ ಬಿಡೇ,” ಅಂದ ಅವನು.

“ಬದುಕ್ದಿದ್ರೂ ಬಾಯಿ ಒಣಗುತ್ತಲ್ಲ,” ಅಂದಳು.

ಬಿಳಿಯವು ಒಂದೂ ಉಳಿಯಲಿಲ್ಲ. ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚುವಾಗ ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಹಿತ್ತಿಲಿನ ನಾಟಿ ಕೋಳಿಗಳಲ್ಲೂ ಎಷ್ಟೋ ಹೋದವು. ಬೋಳುಕತ್ತಿನದೊಂದು ಹೇಂಟೆ ಮಾತ್ರ ರೆಕ್ಕೆ ಜೋಲಿಸಿಕೊಂಡು, ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತಿದ್ದು, ಕೆಲವು ದಿನ ಹಾಗೇ ಇದ್ದು, ಆಮೇಲೆ ಏನೂ ಆಗಿಲ್ಲವೆಂಬಂತೆ ತಿಪ್ಪೆ ಕೆದಕತೊಡಗಿತು.

ಹೆಬ್ಬಾಳದಿಂದ ಬಂದಿದ್ದ ಪಶುವೈದ್ಯರು ಆ ಹೇಂಟೆಯನ್ನು ಬಹಳ ಹೊತ್ತು ನೋಡಿದರು. “ನಾಟಿ ಅಂದ್ರೆ ರೋಗಾನೇ ಬರಲ್ಲ ಅಂತಲ್ಲಮ್ಮ. ಆದ್ರೆ ಒಂದೊಂದು ತಳೀಲಿ, ಒಂದೊಂದು ಕೋಳೀಲಿ, ತಡ್ಕೊಳೋ ಶಕ್ತಿ ರಕ್ತದಲ್ಲೇ ಇರುತ್ತೆ. ಮರಿಗಳಿಗೂ ಒಂದಿಷ್ಟು ಇಳೀಬಹುದು. ಇದನ್ನ ಕುಯ್ಯಬೇಡಿ.”

ಅಂದಿನಿಂದ ಆಂಜನಮ್ಮ ಅದರ ಮರಿಗಳನ್ನು ಮಾತ್ರ ಸಾಕಿದಳು. ರೋಗ ಬಂದಾಗಲೆಲ್ಲ ಎದ್ದು ನಿಂತದ್ದರ ಮೊಟ್ಟೆಯನ್ನೇ ಕಾವಿಗಿಟ್ಟಳು. ಹೊಲ ಹೋಯಿತು, ಹಿತ್ತಿಲು ಹೋಯಿತು, ಕೋಳಿಗಳು ಅವಳ ಹಿಂದೆಯೇ ಮಹಡಿ ಹತ್ತಿದವು.

* * *

“ಮಾವ, ಏನ್ ಮಾಡ್ತಿದೀರಾ?”

ಮೆಟ್ಟಿಲಿನ ಕಂಬಿ ಹಿಡಿದು ಏದುಸಿರು ಬಿಡುತ್ತ ಭವ್ಯ ನಿಂತಿದ್ದಳು.

“ನೀನ್ಯಾಕಮ್ಮ ಹತ್ತಿ ಬಂದೆ ಈ ಮೆಟ್ಟಿಲು? ಕೂತ್ಕೋ ಮೊದ್ಲು.”

“ಬಸಣ್ಣ ಮಾವ ಹೇಳಿದ್ದು ನಂಗೂ ಕೇಳಿಸ್ತು. ಇದನ್ನ ಕಟ್ತೀರಾ?”

ಅವನು ಮುಖ ಬೇರೆ ಕಡೆ ತಿರುಗಿಸಿದ. “ನಿಂಗೋಸ್ಕರಾನೇ ತಾಯಿ. ಅವಳು ಒಬ್ಬಳೇ ಹೋದ್ರೆ... ನಂಗೆ ಭಯ ಆಗುತ್ತೆ.”

ಭವ್ಯ ಟ್ಯಾಂಕಿನ ಕಟ್ಟೆ ಮೇಲೆ ಕೂತಳು. ಮನೆಗೆ ಬಂದ ಹೊಸದರಲ್ಲಿ ಕೋಳಿ ವಾಸನೆಗೆ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದ ಹುಡುಗಿ. ಅತ್ತೆಯ ಜೊತೆ ಅದಕ್ಕೇ ಎರಡು ದಿನ ಮಾತು ಬಿಟ್ಟದ್ದೂ ಉಂಟು.

“ಈ ಮೊಟ್ಟೆಗಳನ್ನ ಅತ್ತೆ ನನ್ನ ಕೈಲೇ ಇಡ್ಸಿದ್ದು,” ಅಂದಳು. “ನಂಗೆ ಬೇಡ ಅಂದ್ರೂ ಬಿಡ್ಲಿಲ್ಲ. ಬಸುರಿ ಕೈಯಲ್ಲಿ ಇಟ್ಟಿದ್ದು ಒಂದೂ ಕೆಡಲ್ಲ ಕಣೇ ಅಂದ್ರು. ಒಂದೊಂದೇ ಕೊಟ್ರು, ನಾನು ಒಂದೊಂದೇ ಇಟ್ಟೆ.” ಅವಳು ಮಂಕರಿಯ ಕಡೆ ನೋಡಿದಳು. “ಈಗ ಇದನ್ನ ಎಬ್ಬಿಸ್ಬಿಟ್ರೆ ಅವೆಲ್ಲ ತಣ್ಣಗಾಗುತ್ತೆ. ನಂಗೆ ಅದಕ್ಕೇ ಭಯ ಆಗ್ತಿದೆ ಮಾವ. ಅತ್ತೆಗೆ ಅಲ್ಲ. ಅತ್ತೆ ನಂಗೇನ್ ಮಾಡ್ತಾರೆ?”

ಮುನಿಆಂಜನಪ್ಪನಿಗೆ ಕೋಳಿಯನ್ನು ಎತ್ತಿದರೂ ಭಯ, ಎತ್ತದಿದ್ದರೂ ಭಯ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಕೇಳಬೇಕಾದವಳು ಕೆಳಗೆ ಮಲಗಿದ್ದಳು. ಬದುಕಿದ್ದರೆ ಏನನ್ನುತ್ತಿದ್ದಳು? ‘ನಿಂಗೆ ತಲೆ ನೆಟ್ಟಗೈತಾ?’ ಅನ್ನುತ್ತಿದ್ದಳು. ಅದು ನೆನಪಾದದ್ದೇ ಅವನಿಗೆ ತಡೆಯಲಾಗದೆ ಅಳು ಬಂತು. ಭವ್ಯ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ, ಪಕ್ಕದಲ್ಲೇ ಕೂತು ತಾನೂ ಅತ್ತಳು.

ಕೆಳಗೆ ಬಂದಾಗ ಮುದಸ್ಸಿರ್ ಆಟೋದಿಂದ ಇಳಿಯುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕಂಕುಳಲ್ಲಿ ಒಂದು ಬಿಳಿ ಕೋಳಿ.

“ಮುನಿಅಣ್ಣ, ನಾಟಿ ಹುಡುಕ್ದೆ, ಇವತ್ತು ಬಜಾರಲ್ಲಿ ಸಿಗ್ಲಿಲ್ಲ,” ಅಂದ. “ಮಾಫ್ ಮಾಡಿ. ಆಂಜನಮ್ಮ ಭಾಭಿಗೆ ಇದನ್ನ ತರೋಕೆ ನಂಗೇ ನಾಚ್ಕೆ ಆಯ್ತು.”

“ಇದು ಆಗಾಕಿಲ್ಲ ಅಂತ ಆಗ್ಲೇ ಅಂದ್ನಲ್ಲ,” ಬಸಣ್ಣ ಎದ್ದು ನಿಂತ. “ಭಾವ, ಮ್ಯಾಲಿಂದ ತರ್ಲಿಲ್ವಾ?”

“ಇದನ್ನೇ ಕಟ್ಟು.”

“ಅಕ್ಕ ಸಾಕಿದ್ದಲ್ಲ ಇದು!”

“ಸಾಕವ್ಳೆ,” ಅಂದ ಮುನಿಆಂಜನಪ್ಪ. ಅವನ ದನಿ ಗಟ್ಟಿಯಾಗೇನೂ ಇರಲಿಲ್ಲ. “ಶೆಡ್ ತುಂಬ ಇತ್ತಲ್ಲೋ ಬಸಣ್ಣ, ಇದೇ ಜಾತಿ. ಅವು ಸಾಯೋವಾಗ ನಾನು ಬಾಗಿಲು ದಾಟ್ಲಿಲ್ಲ. ಅವಳು ಒಳಗೋಗಿ ಒಂದೊಂದಕ್ಕೂ ಬಾಯಿಗೆ ನೀರ್ ಬಿಟ್ಳು. ಗುಂಡಿ ತೋಡಿದ್ದು ನೀನೇ. ನೋಡಿದ್ದೀಯ. ಅವಳ ಜೊತೆ ಹೋಗಕ್ಕೆ ಇದಕ್ಕಿಂತ ಇನ್ಯಾವುದಕ್ಕೈತೋ ಹಕ್ಕು?”

ಬಸಣ್ಣ ಅಕ್ಕನ ಮುಖ ನೋಡಿದ. ಆ ಗುಂಡಿ, ಆ ಸುಣ್ಣ, ಸೆರಗು ಕಚ್ಚಿಕೊಂಡು ನಿಂತಿದ್ದ ಅಕ್ಕ, ಎಲ್ಲ ಅವನಿಗೂ ನೆನಪಿತ್ತು.

“ಮನೆಗೇನಾದ್ರೂ ಆದ್ರೆ?”

“ಆಗಲ್ಲ,” ಎಂದದ್ದು ಭವ್ಯ. ಬಾಗಿಲಲ್ಲಿ ನಿಂತಿದ್ದಳು.

ಬಸಣ್ಣ ಮೂಗು ಒರೆಸಿಕೊಂಡ. ಮುದಸ್ಸಿರ್‌ನ ಕಂಕುಳಿಂದ ಕೋಳಿಯನ್ನು ತೆಗೆದುಕೊಂಡು, ಅದರ ಕಾಲಿಗೆ ದಾರ ಸುತ್ತುತ್ತ, “ಬಿಗಿ ಆಗ್ದಂಗೆ ಕಟ್ತೀನಿ ತಗಾ,” ಅಂದ. ಯಾರಿಗೆ ಅಂದನೋ.

ತಮಟೆ ಮುಂದೆ ಹೋಯಿತು. ಮೆಟ್ರೋ ಕಂಬಗಳ ಕೆಳಗೆ ಕಚೇರಿ ಬಸ್ಸುಗಳು ನಿಂತು ದಾರಿ ಬಿಟ್ಟವು. ಮುದಸ್ಸಿರ್ ಚಪ್ಪಲಿ ಕೈಲಿ ಹಿಡಿದು ಕೊನೆಯವರೆಗೂ ಜೊತೆಗೆ ನಡೆದ. ಮಣ್ಣು ಹಾಕಿದ ಮೇಲೆ ಬಸಣ್ಣನೇ ದಾರ ಬಿಚ್ಚಿದ. ಬಿಳಿ ಕೋಳಿ ಎಲ್ಲಿಗೂ ಓಡದೆ, ಹಸಿ ಮಣ್ಣಿನ ಪಕ್ಕದಲ್ಲೇ ಕೂತಿತು. ಸ್ಮಶಾನ ಕಾಯುವವನು ಅದನ್ನು ತಾನು ಸಾಕಿಕೊಳ್ಳುತ್ತೇನೆಂದ.

* * *

ಸಂಜೆ ನೆಂಟರು ಕರಗಿದರು. ಸ್ನಾನ ಮಾಡಿ ದೀಪ ನೋಡಿ ಕೂತಿದ್ದ ಮುನಿಆಂಜನಪ್ಪನಿಗೆ ಭವ್ಯ ಒಂದು ಬಟ್ಟಲಲ್ಲಿ ರಾಗಿ ತಂದುಕೊಟ್ಟಳು.

“ಅದು ತಾನಾಗೇ ಏಳಲ್ಲ ಮಾವ. ಹಸ್ಕೊಂಡು ಕೂತೇ ಇರುತ್ತೆ. ಅತ್ತೆ ದಿನಾ ಒಂದು ಸಲ ಎತ್ತಿ ಬಿಡ್ತಿದ್ರು. ನಂಗೀಗ ಬಗ್ಗಕ್ಕಾಗಲ್ಲ.”

ಅವನು ಮಹಡಿ ಹತ್ತಿದ. ಇಷ್ಟು ವರ್ಷದಲ್ಲಿ ಅವಳ ಒಂದು ಕೋಳಿಯನ್ನೂ ಕಾವಿನಿಂದ ಎತ್ತಿದವನಲ್ಲ. ಎರಡೂ ಕೈ ಹಾಕಿದ. ಕೋಳಿ ಮಣಿಕಟ್ಟಿಗೆ ಬಲವಾಗಿ ಕುಕ್ಕಿತು. “ಕುಕ್ಕು, ಕುಕ್ಕು,” ಅಂದ. ಎತ್ತಿ ರಾಗಿಯ ಮುಂದೆ ಬಿಟ್ಟ. ಅದು ರೆಕ್ಕೆ ಒದರಿ, ಕಾಲು ಚಾಚಿ, ನೀರು ಕುಡಿಯಿತು.

ಮಂಕರಿಯಲ್ಲಿ ಮೊಟ್ಟೆಗಳು ಬತ್ತಲೆ ಬಿದ್ದಿದ್ದವು. ಗಾಳಿ ತಣ್ಣಗೆ ಬೀಸುತ್ತಿತ್ತು. ಕೋಳಿ ಎಷ್ಟು ಹೊತ್ತಿಗೆ ಮರಳಿ ಬರುತ್ತದೋ ಅವನಿಗೆ ಗೊತ್ತಿರಲಿಲ್ಲ, ಅಷ್ಟರೊಳಗೆ ಇವು ತಣ್ಣಗಾದರೆ ಏನು ಗತಿ ಎಂಬುದೂ ಗೊತ್ತಿರಲಿಲ್ಲ. ಮಂಡಿಯೂರಿ ಕೂತ. ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ, ಬೆರಳು ಅಗಲಿಸಿ, ಮೊಟ್ಟೆಗಳ ಮೇಲೆ ಮೆಲ್ಲಗೆ ಇಟ್ಟ. ಅವು ಅವನ ಕೈಗಿಂತ ಬಿಸಿಯಾಗಿದ್ದವು.

ಕೋಳಿ ನಿಧಾನವಾಗಿ ರಾಗಿ ಹೆಕ್ಕುತ್ತಿತ್ತು. ಅವನು ಕೈ ತೆಗೆಯಲಿಲ್ಲ.