ಸೆರಗಿನ ಎರಡು ಹೆಸರು

ಮಗ್ಗದಲ್ಲಿ ಜರಿ ತುಂಡಾದರೆ ನೇಕಾರರ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಮೊಳಕಾಲ್ಮೂರಿನ ಪಾಲಮ್ಮನ ಮಗ್ಗದಲ್ಲಿ ಆ ವಾರ ದಿನಕ್ಕೆ ಐದಾರು ಸಲ ತುಂಡಾಗುತ್ತಿತ್ತು. ಅದೂ ಎಂಥ ಸೀರೆ! ಚಳ್ಳಕೆರೆಯ ಸರಿತಾ ಟೀಚರ್ ತನ್ನ ಮದುವೆಗೆಂದು ನೇಯಲು ಕೊಟ್ಟಿದ್ದ ರೇಷ್ಮೆ ಸೀರೆ. ಸೆರಗಿನಲ್ಲಿ ಅವಳ ಹೆಸರು, ಪಕ್ಕದಲ್ಲಿ ಹುಡುಗ ದುರುಗೇಶನ ಹೆಸರು, ಎರಡೂ ಜರಿಯಲ್ಲೇ ಬರಬೇಕು. ಇಂಥ ಸೀರೆ ಪಾಲಮ್ಮ ಜೀವಮಾನದಲ್ಲಿ ನೇಯ್ದಿರಲಿಲ್ಲ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸರಿತಾ ಒಂದೇ ಒಂದು ಮಾತು ಕೇಳಿಕೊಂಡಿದ್ದಳು. ಅಪ್ಪನಿಲ್ಲದ ಅವಳನ್ನು ಸಾಕಿ ಓದಿಸಿದವರು ಪರಶುರಾಂಪುರದ ದೊಡ್ಡಪ್ಪ ಹುಲಿಯಪ್ಪ. ಅವರಿಗೆ ಇನ್ನೂ ಮದುವೆಯ ವಿಷಯ ಹೇಳಿರಲಿಲ್ಲ. ಅವರು ಬೇಡ ಅನ್ನುವುದಿಲ್ಲ ಎಂಬ ಧೈರ್ಯವೇನೋ ಇತ್ತು. ಭಾನುವಾರ ಊರಿಗೆ ಹೋಗಿ, ಎದುರು ಕೂತು, ತಾನೇ ಹೇಳಬೇಕೆಂದಿದ್ದಳು.

“ಅಲ್ಲೀತನಕ ಯಾರಿಗೂ ಗೊತ್ತಾಗಬಾರದು ಪಾಲಮ್ಮೋರೇ. ಬೇರೆಯೋರ ಬಾಯಿಂದ ಕೇಳಿದ್ರೆ ನಮ್ಮ ದೊಡ್ಡಪ್ಪ ಮದ್ವೆಗೇ ಬರಲ್ಲ.”

ಪಾಲಮ್ಮ ಮಗ್ಗ ಮುಟ್ಟಿ ಮಾತು ಕೊಟ್ಟಿದ್ದಳು.

ಜರಿಯ ಕಾಟಕ್ಕೆ ಮದ್ದು ಸಿಕ್ಕಿದ್ದು ಫೋನಿನಲ್ಲಿ. ಸುತ್ತಲಿನ ನೂರಿಪ್ಪತ್ತು ನೇಕಾರ ಹೆಂಗಸರು ಒಂದು ಆ್ಯಪ್‌ನಲ್ಲಿ ‘ಮಗ್ಗದ ಮನೆ’ ಎಂಬ ಬಳಗ ಕಟ್ಟಿಕೊಂಡಿದ್ದರು. ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ. ನೂಲಿನ ತೊಂದರೆಯಿಂದ ಹಿಡಿದು ಅತ್ತೆಯ ತೊಂದರೆಯವರೆಗೆ ಎಲ್ಲವನ್ನೂ ಅಲ್ಲಿ ಹೇಳಿಕೊಳ್ಳುತ್ತಿದ್ದರು. ಪಾಲಮ್ಮ ಸೆರಗಿನ ಫೋಟೋ ಹಾಕಿ, ಚಳ್ಳಕೆರೆ ಟೀಚರಮ್ಮನ ಮದುವೆ ಸೀರೆ, ಅಕ್ಷರದ ಹತ್ತಿರ ಜರಿ ತುಂಡಾಗುತ್ತಿದೆ, ಏನು ಮಾಡಲಿ ಎಂದು ಕೇಳಿದಳು. ಹಾಕುವಾಗ ಒಂದು ಗಳಿಗೆ ಕೈ ತಡೆಯಿತು. ಆದರೆ ಅವಳ ಮಗ್ಗದಲ್ಲಿ ಸೀರೆಯ ಒಳಮೈ ಮೇಲಿರುತ್ತದೆ. ಅಕ್ಷರ ಹಿಂದುಮುಂದಾಗಿ ಕಾಣುತ್ತದೆ. ಸರಿಯಾಗಿ ಓದಬೇಕಾದರೆ ಮಗ್ಗದ ಕೆಳಗೆ ಕನ್ನಡಿ ಹಿಡಿಯಬೇಕು. ಯಾರಿಗೆ ಓದಲು ಬರುತ್ತದೆ, ಮೇಲಾಗಿ ಎಲ್ಲರೂ ನಮ್ಮವರೇ ತಾನೆ ಎಂದುಕೊಂಡು ಹಾಕಿಯೇಬಿಟ್ಟಳು. ಲಾಳಿಯಲ್ಲಿ ಜರಿ ಬಿಗಿಯಾಗಿದೆ, ಸಡಿಲ ಮಾಡು ಎಂದು ಗಂಟೆಯೊಳಗೆ ಉತ್ತರ ಬಂತು. ಜರಿ ಸರಿಹೋಯಿತು.

ಬುಧವಾರ ಸಂಜೆ ಅದೇ ಆ್ಯಪ್‌ನಲ್ಲಿ ಬಣ್ಣಬಣ್ಣದ ಚೀಟಿಯೊಂದು ಮೂಡಿತು. ನಿಮ್ಮ ಸೋಷಿಯಲ್ ಮೀಡಿಯಾ ಖಾತೆಯನ್ನು ಇಲ್ಲಿಗೆ ಜೋಡಿಸಿ, ನಿಮ್ಮ ಕೆಲಸ ಸಾವಿರಾರು ಜನರಿಗೆ ತಲುಪಲಿ ಎಂದಿತ್ತು. ಪಾಲಮ್ಮನಿಗೆ ಇನ್ನೇನು ಬೇಕು! ಪಕ್ಕದ ಮನೆಯ ಪದ್ಮಶ್ರೀಗೆ ಓಡಿಹೋಗಿ ತೋರಿಸಿದಳು. ಪದ್ಮಶ್ರೀ ಶನಿವಾರ ಶನಿವಾರ ಗ್ರಂಥಾಲಯದಲ್ಲಿ ಹೆಂಗಸರಿಗೆ ಫೋನ್ ಬಳಸಲು ಕಲಿಸುವವಳು.

“ತಡಿ ಪಾಲಕ್ಕ. ಒಳಮನೆ ಮಾತು ಬೇರೆ, ಬೀದಿ ಮಾತು ಬೇರೆ. ಎರಡಕ್ಕೂ ನಡುವೆ ಬಾಗಿಲು ತೆಗೆಯೋ ಮೊದ್ಲು ಏನೇನು ಹೊರಗೆ ಹೋಗ್ತೈತೆ ಅಂತ ಓದ್ಬೇಕು.”

“ನಮ್ಮತ್ರ ಕದಿಯೋಕೆ ಏನೈತೆ ಹೇಳು. ನೋಡಿದೋರು ನೋಡ್ಲಿ, ನಾಲ್ಕು ಸೀರೆ ಜಾಸ್ತಿ ಹೋಗ್ತಾವೆ.”

ಪದ್ಮಶ್ರೀ ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಪಾಲಮ್ಮ ಕಂಡಕಂಡ ಕಡೆಯೆಲ್ಲ ‘ಒಪ್ಪಿಗೆ’ ಒತ್ತಿ ಮುಗಿಸಿದ್ದಳು. ಹಳೆಯ ಪೋಸ್ಟ್‌ಗಳನ್ನೂ ಹಂಚಬಹುದೇ ಎಂದು ಕೇಳಿತ್ತು. ಅದಕ್ಕೂ ಒಪ್ಪಿಗೆ.

ಗುರುವಾರ ಬೆಳಗ್ಗೆ ಏಳುವಷ್ಟರಲ್ಲಿ ಸೋಷಿಯಲ್ ಮೀಡಿಯಾದಲ್ಲಿ ಸೆರಗಿನ ಫೋಟೋಗೆ ಮುನ್ನೂರು ಲೈಕು! ಪಾಲಮ್ಮ ಹಿಗ್ಗಿ ಹೀರೇಕಾಯಿಯಾದಳು. ಕಾಫಿ ಕುಡಿಯುತ್ತಿದ್ದ ಗಂಡ ಚಿತ್ತಯ್ಯನ ಮೂಗಿನ ಮುಂದೆ ಫೋನ್ ಹಿಡಿದು ಒಂದೊಂದೇ ಕಾಮೆಂಟು ಓದಿಸಿದಳು. ಚೆಂದ ಐತೆ, ಸೂಪರ್, ಬೆಲೆ ಎಷ್ಟು. ಹಾಗೇ ಕೆಳಗೆ ಹೋದರೆ ಯಾರೋ ಪುಣ್ಯಾತ್ಮ ಅವಳ ಫೋಟೋವನ್ನೇ ತಿರುಗಿಸಿ ಹಾಕಿದ್ದ. ಫೋನಿಗೆ ಕನ್ನಡಿ ಬೇಡವಲ್ಲ, ಒಂದು ಬೆರಳು ಸಾಕು. ಸೆರಗಿನ ಮೇಲೆ ಸರಿತಾ, ದುರುಗೇಶ್ ಎಂದು ಮಕ್ಕಳೂ ಓದುವಷ್ಟು ಸ್ಪಷ್ಟವಾಗಿತ್ತು. ಇವಳು ಪರಶುರಾಂಪುರದ ಹುಲಿಯಪ್ಪನ ತಮ್ಮನ ಮಗಳಲ್ಲವೇ ಎಂದು ಅದರ ಕೆಳಗೆ ಇನ್ಯಾರೋ ಬರೆದಿದ್ದರು.

“ಏಮಾಯಿಂದಿ?” ಏನಾಯಿತು ಎಂದು ಚಿತ್ತಯ್ಯ ತೆಲುಗಿನಲ್ಲಿ ಕೇಳುವಷ್ಟರಲ್ಲಿ ಪಾಲಮ್ಮ ಪದ್ಮಶ್ರೀಯ ಬಾಗಿಲಲ್ಲಿದ್ದಳು.

ಪದ್ಮಶ್ರೀ ಬೈಯಲಿಲ್ಲ. ಮೊದಲು ಆ ಫೋಟೋ ಅಳಿಸಿದಳು. ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಜೋಡಿಸಿದ್ದ ಖಾತೆಯನ್ನು ಬಿಡಿಸಿದಳು. ಆಮೇಲೆ ಸೋಷಿಯಲ್ ಮೀಡಿಯಾ ಖಾತೆಗೂ ಹೋಗಿ, ಅಲ್ಲಿಂದಲೂ ಈ ಆ್ಯಪ್‌ಗೆ ಕೊಟ್ಟ ಅನುಮತಿ ಕಿತ್ತುಹಾಕಿದಳು. ಒಂದು ಕಡೆ ಬಿಡಿಸಿದರೆ ಸಾಲದು, ಎರಡೂ ಕಡೆ ನೋಡಬೇಕು ಎಂದಳು. ಫೋನಿನಲ್ಲಿದ್ದ ನಂಬರುಗಳನ್ನು ನೋಡಲು ಕೊಟ್ಟಿದ್ದ ಅನುಮತಿಯನ್ನೂ ತೆಗೆದಳು. ಅಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು: ಬಳಗದ ಕ್ಯಾತಮ್ಮ ಎಂಬ ನೇಕಾರಳು ತನ್ನ ಕಾಯಿಲೆಯ ಬಗ್ಗೆ ಪಾಲಮ್ಮನಿಗೆ ಬರೆದ ಉತ್ತರವೂ ಪಾಲಮ್ಮನ ಹಳೆಯ ಪೋಸ್ಟ್ ಒಂದರ ಜೊತೆಗೇ ಬೀದಿಗೆ ಬಂದಿತ್ತು. ಅದನ್ನೂ ಅಳಿಸಿದರು. ಪಾಲಮ್ಮ ನಾಚಿಕೆಯಿಂದ ತಲೆ ತಗ್ಗಿಸಿದಳು.

“ಈಗೆಲ್ಲ ಸರಿಹೋಯ್ತಾ ಪದ್ಮಾ?”

“ನಮ್ಮ ಕೈಯಾಗಿದ್ದಿದ್ದು ತೆಗೆದ್ವಿ. ಬೇರೆಯೋರ ಫೋನಿಗೆ ಹೋಗಿದ್ದನ್ನ ತೆಗೆಯೋಕಾಗಲ್ಲ. ಆ ಹುಡುಗಿಗೆ ನೀನೇ ಹೇಳ್ಬೇಕು, ಈಗ್ಲೇ.”

ಅದಕ್ಕಿಂತ ಕಷ್ಟದ ಫೋನನ್ನು ಪಾಲಮ್ಮ ಎಂದೂ ಮಾಡಿರಲಿಲ್ಲ. ಸರಿತಾ ಶಾಲೆಗೆ ಹೊರಟಿದ್ದಳು. ಪಾಲಮ್ಮ ಒಂದನ್ನೂ ಮುಚ್ಚಿಡದೆ, ತಪ್ಪು ನನ್ನದೇ ಎಂದು ಎಲ್ಲವನ್ನೂ ಒಪ್ಪಿಸಿದಳು. ರಜೆ ಹಾಕಿ ಈಗಲೇ ಪರಶುರಾಂಪುರಕ್ಕೆ ಹೋಗುತ್ತೇನೆ ಎಂದಷ್ಟೇ ಹೇಳಿ ಸರಿತಾ ಸ್ಕೂಟಿ ಹತ್ತಿದಳು.

ಇಲ್ಲಿ ಪಾಲಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹುಡುಗಿ ಮೊದಲು ಮುಟ್ಟುತ್ತಾಳೋ, ಫೋಟೋ ಮೊದಲು ಮುಟ್ಟುತ್ತದೋ! ಮಗ್ಗಕ್ಕೆ ಕೂತಳು, ಎದ್ದಳು, ಮತ್ತೆ ಕೂತಳು. ಈಗ ದಾರಿಯಲ್ಲಿರಬಹುದೇ, ಈಗ ಊರು ಬಂದಿರಬಹುದೇ ಎಂದು ಚಿತ್ತಯ್ಯನನ್ನು ಹತ್ತು ಸಲ ಕೇಳಿದಳು. ಪದ್ಮಶ್ರೀ ತನ್ನ ಕೆಲಸ ಬಿಟ್ಟು ಬಂದು ಪಕ್ಕದಲ್ಲೇ ಕೂತಿದ್ದಳು.

ಮಧ್ಯಾಹ್ನ ಫೋನ್ ಬಂತು. ಸರಿತಾಳ ನಂಬರು, ಆದರೆ ಮಾತಾಡಿದ್ದು ಹುಲಿಯಪ್ಪ.

“ಸೀರೆ ಚೆನ್ನಾಗೈತೆ ತಾಯಿ. ಬೆಳಗ್ಗೇನೇ ನೋಡ್ದೆ, ನಮ್ಮೂರ ಗ್ರೂಪಿಗೆ ಯಾರೋ ಹಾಕಿದ್ರು. ನನ್ನ ಮಗಳು ನಂಗೇ ಹೇಳ್ಲಿಲ್ವಲ್ಲ ಅಂತ ಬೆಳಗ್ಗಿಂದ ಒಂದು ತುತ್ತು ಉಂಡಿರಲಿಲ್ಲ. ಈಗ ಬಂದು, ಅತ್ತು, ಎಲ್ಲಾ ಹೇಳಿದ್ಲು. ಇಬ್ರೂ ಒಂದೇ ತಟ್ಟೆಯಾಗೆ ಉಂಡ್ವಿ. ಆದ್ರೂ ಒಂದು ಮಾತು. ನಮ್ಮ ಮನೆ ಸುದ್ದಿ ಮೊದ್ಲು ನಮ್ಮ ಮನ್ಯಾಗೆ ಆಗ್ಬೇಕಿತ್ತು.”

ತಪ್ಪಾಯ್ತು ಸ್ವಾಮಿ ಎಂದಳು ಪಾಲಮ್ಮ. ಸೀರೆಯನ್ನು ನೀನೇ ಹಿಡಿದುಕೊಂಡು ಮದುವೆಗೆ ಬರಬೇಕು ಎಂದು ಹುಲಿಯಪ್ಪ ಹೇಳಿದಾಗ ಕಣ್ಣೊರೆಸಿಕೊಂಡು ನಕ್ಕಳು. ಫೋನ್ ಇಟ್ಟವಳೇ ಮಗ್ಗದ ಗುಂಡಿಗೆ ಇಳಿದು ನೇಯತೊಡಗಿದಳು. ಸಂಜೆಯವರೆಗೆ ಜರಿ ಒಂದು ಸಲವೂ ತುಂಡಾಗಲಿಲ್ಲ.

ಶನಿವಾರ ಗ್ರಂಥಾಲಯದಲ್ಲಿ, ಸರಿತಾಳನ್ನು ಮೊದಲೇ ಕೇಳಿಕೊಂಡು, ಪದ್ಮಶ್ರೀಯ ಪಕ್ಕ ಕೂತು ಪಾಲಮ್ಮನೇ ಈ ಕಥೆ ಹೇಳಿದಳು. ನಮ್ಮತ್ರ ಕದಿಯೋಕೆ ಏನೈತೆ ಎಂದು ಹಿಂದಿನ ಸಾಲಿನಿಂದ ಒಬ್ಬಾಕೆ ಕೇಳಿದಳು. “ಹುಲಿಯಪ್ಪೋರ ಒಂದು ಹೊತ್ತಿನ ಊಟ ಕಸ್ಕೊಂಡೆ ನಾನು,” ಎಂದಳು ಪಾಲಮ್ಮ.

ಅಕ್ಕಂದಿರೇ, ಅಣ್ಣಂದಿರೇ, ಫೋನ್ ಬಳಸಿ, ಬಳಗ ಕಟ್ಟಿ, ನಿಮ್ಮ ಕೆಲಸ ಊರಿಗೆಲ್ಲ ತೋರಿಸಿ. ಆದರೆ ಒಂದು ಖಾತೆಗೆ ಇನ್ನೊಂದನ್ನು ಜೋಡಿಸು ಎಂದು ಫೋನ್ ಕೇಳಿದಾಗ ಅವಸರಪಡಬೇಡಿ. ಹಳೆಯ ಪೋಸ್ಟ್ ಹೋಗುತ್ತದೆಯೇ, ಯಾರು ಯಾರು ನೋಡುತ್ತಾರೆ, ನಂಬರುಗಳನ್ನೂ ಕೇಳುತ್ತಿದೆಯೇ ಎಂದು ಓದಿ. ಗೊತ್ತಾಗದಿದ್ದರೆ ‘ಬೇಡ’ ಒತ್ತಿ. ತಿಳಿದವರನ್ನು ಕೇಳಿ ನಾಳೆ ಜೋಡಿಸಿದರೆ ಏನೂ ಮುಳುಗುವುದಿಲ್ಲ. ಈಗಾಗಲೇ ಜೋಡಿಸಿದ್ದರೆ ಇವತ್ತೇ ಸೆಟ್ಟಿಂಗ್ಸ್ ತೆರೆದು ನೋಡಿ. ಬೆರಳು ಒತ್ತುವ ಮುನ್ನ ನಿಮ್ಮನ್ನೇ ಕೇಳಿಕೊಳ್ಳಿ: ಈ ಸುದ್ದಿ ನನ್ನದೋ, ಬೇರೆಯವರದೋ? ಬೇರೆಯವರದಾದರೆ, ಮೊದಲು ಅವರನ್ನು ಕೇಳಿ.