ತುಂಬಿಯೇ ಮರಳಿದ ಸೆಲ್ಲು

ನನ್ನ ಗಂಡನ ಮಾತಿಗಿಂತ ನಮ್ಮ ಮನೆಯ ಚಾರ್ಜರಿನ ಮಾತನ್ನೇ ನಾನು ಹೆಚ್ಚು ನಂಬುತ್ತೇನೆ. ಹೀಗೆಂದರೆ ಕಲ್ಮಲದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಾರೆ. ನಗಲಿ ಬಿಡಿ. ಅವರ ಗಂಡಂದಿರು ಸಂಜೆಯಾದರೆ ಮನೆಗೆ ಬರುತ್ತಾರೆ, ಎದುರಿಗೆ ಕೂತು ಉಣ್ಣುತ್ತಾರೆ, ಮುಖ ನೋಡಿದರೆ ಸಾಕು ಎಲ್ಲ ತಿಳಿಯುತ್ತದೆ. ನನ್ನವನು ಸುಗ್ಗಿ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಹೊರಟನೆಂದರೆ ಮತ್ತೆ ಮಳೆ ಹತ್ತಿದಾಗಲೇ ಮನೆ ನೆನಪು. ಈಗ ದೇವದುರ್ಗದ ಕಡೆ ಹತ್ತಿ ಬಿಡಿಸಿದ ಹೊಲದಲ್ಲಿ, ಆಮೇಲೆ ಮಾನ್ವಿ ಕಡೆ ಪೋತ್ನಾಳದ ಗದ್ದೆಯಲ್ಲಿ. ಗೊಬ್ಬರವಾಗುತ್ತದೆಂದು ರೈತರು ಕರೆಯುತ್ತಾರೆ, ಇವನು ಹೋಗುತ್ತಾನೆ.

ಅವನ ಹೆಸರು ಗದ್ದೆಪ್ಪ. ಗಂಡನ ಹೆಸರು ಬಾಯಲ್ಲಿ ಹಿಡಿಯಬಾರದು ಎಂದು ನಮ್ಮತ್ತೆ ಕಲಿಸಿದ್ದಳು. ಗಂಡ ಕಣ್ಣೆದುರಿಗೆ ಇದ್ದರೆ ತಾನೇ ಹಿಡಿಯದೆ ಇರುವುದು! ಆರು ತಿಂಗಳು ಮುಖ ತೋರಿಸದವನನ್ನು ಹೆಸರಿಟ್ಟೇ ಕರೆಯುತ್ತೇನೆ, ಏನಾಗುತ್ತದೋ ಆಗಲಿ.

ಮೊದಲು ನಾನೂ ಜೊತೆಗೆ ಹೋಗುತ್ತಿದ್ದೆ. ಹೊಲದ ನಡುವೆ ಬಲೆ ಕಟ್ಟಿ ಕುರಿ ಕೂಡಿ, ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಉಂಡು ಮಲಗಿದರೆ ಅವನ ಕಂಬಳಿಯೊಳಗೆ ರೇಡಿಯೋ ಹಾಡುತ್ತಿತ್ತು. ಅವನು ಮಾತು ಕಡಿಮೆಯ ಮನುಷ್ಯ. ಆದರೆ ರೇಡಿಯೋದ ಜೊತೆ ಗುನುಗುತ್ತಿದ್ದ, ಅದೂ ರಾಗ ತಪ್ಪಿ. ಗುನುಗುತ್ತಲೇ ನಿದ್ದೆ ಹೋಗುತ್ತಿದ್ದ. ನಾನು ಕೈ ಹಾಕಿ ಆರಿಸುತ್ತಿದ್ದೆ. ಮೊಣಕಾಲು ಕೆಟ್ಟ ಮೇಲೆ ನನ್ನ ಪಾಲಿಗೆ ಎಮ್ಮೆ, ಮನೆ ಮತ್ತು ಈ ಚಾರ್ಜರು ಉಳಿದವು. ಆ ತಪ್ಪು ರಾಗ ಕೇಳದೆ ನನಗೆ ಇವತ್ತಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಹೇಳಿಕೊಳ್ಳಲು ನಾಚಿಕೆ ಏನಿದೆ?

ಚಾರ್ಜರಿನ ಕಥೆ ಹೇಳಬೇಕು. ಗದ್ದೆಪ್ಪನಿಗೆ ಎರಡು ಸಾಮಾನು ಬೇಕೇ ಬೇಕು: ತೋಳ, ನರಿ ಬಂದರೆ ನೋಡಲು ಟಾರ್ಚು, ಬೇಸರಕ್ಕೆ ರೇಡಿಯೋ. ಟಾರ್ಚಿಗೆ ಹೆಬ್ಬೆರಳಿಗಿಂತ ದಪ್ಪನೆಯ ಲಿಥಿಯಂ ಸೆಲ್ಲು, ರೇಡಿಯೋಕ್ಕೆ ನಿಕ್ಕಲ್ಲಿನ ಸಣ್ಣ ಸೆಲ್ಲು ಎರಡು. ಮೊದಲು ಒಂದು ಸೋಲಾರ್ ಪ್ಲೇಟು ಕೊಡಿಸಿದ್ದೆ. ಅದರಲ್ಲಿ ತನ್ನದೇ ಮುಖ ಕಂಡ ನಮ್ಮ ಟಗರು ಹಿಂದೆ ಸರಿದು ಓಡಿ ಬಂದು ಗುಮ್ಮಿತು. ಅಲ್ಲಿಗೆ ಅದು ಮುಗಿಯಿತು. ಆಮೇಲೆ ಸಂತೆಯಲ್ಲಿ ಒಂದು ಚಾರ್ಜರು ತಂದೆ. ಎಲ್ಲ ಸೆಲ್ಲಿಗೂ ನಡೆಯುತ್ತದೆ ಎಂದು ಮಾರುವವನು ಆಣೆ ಮಾಡಿದ್ದ. ನಿಕ್ಕಲ್ಲಿನವು ಹೇಗೋ ತಡೆದುಕೊಂಡವು. ಟಾರ್ಚಿನದನ್ನು ಹಾಕಿ ಎಮ್ಮೆ ಹಿಂಡಲು ಹೋದೆ. ತಿರುಗಿ ಬರುವಷ್ಟರಲ್ಲಿ ಸುಂಯ್ ಎನ್ನುತ್ತಿತ್ತು. ಆಮೇಲೆ ಹೊಗೆ, ಬೆಂಕಿ. ಗೂಡಿನಲ್ಲಿಟ್ಟ ಕೌದಿಯ ಅಂಚು ಸುಟ್ಟಿತು. ಬೂದಿ ಸುರುವಿ ಆರಿಸಿ, ಆ ದರಿದ್ರವನ್ನು ಇಕ್ಕಳದಲ್ಲಿ ಹಿಡಿದು ಅಂಗಳಕ್ಕೆ ಎಸೆದೆ.

ಸುಟ್ಟ ಸೆಲ್ಲು ತಣ್ಣಗಾದ ಮೇಲೆ ಅದನ್ನು ಕಟ್ಟಿಕೊಂಡು ರಾಯಚೂರಿಗೆ ಹೋದೆ. ಬಸ್‌ಸ್ಟ್ಯಾಂಡ್ ಹತ್ತಿರ ಖಾಸಿಂ ಸಾಬರ ರಿಪೇರಿ ಅಂಗಡಿ ಇದೆ. ರೇಡಿಯೋ ಕೆಟ್ಟಾಗೆಲ್ಲ ಅಲ್ಲಿಗೇ ಒಯ್ಯುವುದು. ಅವರು ಸೆಲ್ಲು ನೋಡಿದವರೇ ತಲೆ ಚಚ್ಚಿಕೊಂಡರು.

"ಯಕ್ಕಾ, ಮನಿ ಉಳದಿದ್ದು ನಿನ್ನ ನಸೀಬ. ಎರಡೂ ಸೆಲ್ಲೇ ಆದ್ರ ಎರಡರ ಸ್ವಭಾವ ಬ್ಯಾರೆ. ನಿಕ್ಕಲ್ ಅದಲ್ಲ, ತುಂಬಿದ ಮ್ಯಾಲೂ ಸ್ವಲ್ಪ ಕರೆಂಟ್ ಬಂದ್ರ ಬಿಸಿ ಆಗ್ತದ, ಸಹಿಸಿಕೊಂತದ. ಲಿಥಿಯಂ ಹಂಗಲ್ಲ. ತುಂಬಿದ ಮ್ಯಾಲೆ ಒಂದೀಟು ಹೆಚ್ಚು ಹಾಕು, ಭುಗ್ ಅಂತದ."

"ಒಂದು ನನ್ನ ಗಂಡನಂಥದು, ಒಂದು ನನ್ನಂಥದು ಅನ್ರಿ," ಎಂದೆ.

ಸಾಬರು ನಕ್ಕು, ಒಳಗಿನಿಂದ ಸೆಲ್ಲು ಕೂರಿಸಲು ನಾಲ್ಕು ಮನೆಯಿದ್ದ ಒಂದು ಚಾರ್ಜರು ತಂದಿಟ್ಟರು. ಯಾವ ಸೆಲ್ಲು ಹಾಕಿದರೂ ಅದು ಮೊದಲು ಇದು ಯಾವ ಜಾತಿಯದು ಎಂದು ತಾನೇ ಪರೀಕ್ಷೆ ಮಾಡುತ್ತದಂತೆ. ಆಮೇಲೆ ಅದಕ್ಕೆ ತಕ್ಕಷ್ಟೇ ಕರೆಂಟು ಕೊಡುತ್ತದೆ, ತುಂಬಿದ ಕೂಡಲೇ ನಿಲ್ಲಿಸುತ್ತದೆ. ಸೆಲ್ಲು ಹಾಕಿದಾಕ್ಷಣ ಒಳಗೆ ಎಷ್ಟು ಉಳಿದಿದೆ ಎಂದು ಗೆರೆಗಳಲ್ಲಿ ತೋರಿಸುತ್ತದೆ. ಆದರೂ ಬಟ್ಟೆಬರೆ ಹತ್ತಿರ ಇಡಬೇಡ, ಹಚ್ಚಿಟ್ಟು ಹೊರಗೆ ಹೋಗಬೇಡ ಎಂದು ಎರಡೆರಡು ಸಲ ಹೇಳಿದರು. ಅಂದಿನಿಂದ ಅದನ್ನು ಬಂಡೆಗಲ್ಲಿನ ಮೇಲಿಟ್ಟು ನಾನು ಎದುರಿಗೇ ಕೂರುತ್ತೇನೆ.

ಆ ಗೆರೆಗಳೇ ನನಗೆ ಗದ್ದೆಪ್ಪನ ಸುದ್ದಿ ಹೇಳತೊಡಗಿದವು. ದೇವದುರ್ಗದ ಬಸ್ಸಿನ ಕಂಡಕ್ಟರ್ ಪ್ರಭುರಾಜ ನಮ್ಮೂರಿನವನೇ. ಪ್ರತಿ ಸೋಮವಾರ ಅವನ ಕೈಯಲ್ಲಿ ಒಂದು ಚೀಲ ಕಳಿಸುತ್ತೇನೆ: ಒಣಗಿಸಿದ ಕಟಕ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ, ತುಂಬಿಸಿದ ಸೆಲ್ಲುಗಳು. ಗದ್ದೆಪ್ಪ ರಸ್ತೆಗೆ ಬಂದು ಅದನ್ನು ಇಸಿದುಕೊಂಡು, ಹಿಂದಿನ ವಾರದ ಸೆಲ್ಲುಗಳನ್ನು ಹಳೇ ಚೀಲದಲ್ಲಿ ಹಾಕಿ ಕೊಡುತ್ತಾನೆ. ಬಂದ ಸೆಲ್ಲನ್ನು ಚಾರ್ಜರಿಗೆ ಹಾಕಿದರೆ ಅವನ ವಾರವೆಲ್ಲ ಗೊತ್ತಾಗುತ್ತದೆ. ಟಾರ್ಚಿನದು ಪೂರ್ತಿ ಇಳಿದಿದ್ದರೆ ತೋಳದ ಕಾಟ, ಇಲ್ಲವೇ ಕುರಿ ಈದಿವೆ. ರೇಡಿಯೋದವು ಇಳಿದಿದ್ದರೆ ಅವನು ಆರಾಮವಾಗಿದ್ದಾನೆ, ಕಂಬಳಿಯೊಳಗೆ ಗುನುಗುತ್ತಿದ್ದಾನೆ. ಅವನು ಫೋನಿನಲ್ಲಿ ಹೇಳದ ಸುದ್ದಿಯನ್ನೆಲ್ಲ ಸೆಲ್ಲು ಹೇಳುತ್ತಿತ್ತು.

ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ರೇಡಿಯೋದ ಸೆಲ್ಲು ತುಂಬಿಯೇ ವಾಪಸು ಬಂದವು. ಒಂದು ಗೆರೆಯೂ ಕಡಿಮೆಯಾಗಿರಲಿಲ್ಲ. ಟಾರ್ಚಿನದು ಮಾತ್ರ ಪೂರ್ತಿ ಖಾಲಿ. ಮರುವಾರ ಬಂದ ಇನ್ನೊಂದು ಜೊತೆಯೂ ಹಾಗೆಯೇ.

ಸಂಜೆ ಫೋನು ಹಚ್ಚಿದೆ. "ರೇಡಿಯೋ ಯಾಕ ಕೇಳವಲ್ಲಿ?"

"ಹ್ಞೂಂ. ಚೊಲೊ ಅದ."

"ಏನ್ ಚೊಲೊ ಅದ? ಮೈಯಾಗ ಆರಾಮ ಅದೀಯಿಲ್ಲ?"

"ಚೊಲೊ ಅದ."

"ಮನಿಗಿ ಯಾವಾಗ ಬರ್ತಿ?"

"ಹ್ಞಾಂ, ಚೊಲೊ ಅದ, ಇಡ್ತೀನಿ."

ಪ್ರತಿದಿನ ಇದೇ ರಾಮಾಯಣ. ನಾನು ಬೇರೆ ಏನು ಕೇಳಲಿ ಬಿಡಲಿ, ಕೊನೆಗೆ ಮನೆಗೆ ಯಾವಾಗ ಬರುತ್ತಿ ಎಂದು ಕೇಳಿಯೇ ಕೇಳುತ್ತಿದ್ದೆ. ಅವನು ಒಂದು ದಿನವೂ ಅದಕ್ಕೆ ಉತ್ತರ ಕೊಡಲಿಲ್ಲ. ಫೋನಿನಲ್ಲೂ ಬೈಯುತ್ತಿದ್ದೆ, ಇಟ್ಟ ಮೇಲೆ ಅವನ ತಲೆಮಾರನ್ನೇ ಬೈಯುತ್ತಿದ್ದೆ, ಆಮೇಲೆ ಅಳುತ್ತಿದ್ದೆ. ಪ್ರಭುರಾಜನನ್ನು ವಿಚಾರಿಸಿದರೆ ಅವನದು ಬೇರೆ ದೂರು.

"ಕಾಕಾಗ ಈಗೀಗ ಭಾಳ ದಿಮಾಕ ಬಂದದ ನೋಡ್ ಚಿಗವ್ವಾ. ಹಾರ್ನ್ ಹೊಡದ್ರೂ ಹೊಳ್ಳಿ ನೋಡೂದಿಲ್ಲ. ಬಸ್ಸು ಮುಂದ ಬಂದು ನಿಂತ ಮ್ಯಾಲೆ ಚೀಲ ಇಸಗೊಂತಾನ."

ದಿಮಾಕು ಬರಲು ಇವನಿಗೇನು ಜಹಗೀರು ಸಿಕ್ಕಿದೆಯೇ? ಮನಸ್ಸಿಗೆ ಏನೇನೋ ಬಂತು. ಮನೆಯ ಮೇಲೆ ಬೇಸರವಾಗಿದೆಯೇ, ನನ್ನ ಮೇಲೆ ಸಿಟ್ಟೇ, ಹಾಡು ಬೇಡವಾಗುವಂಥ ಯಾವ ದುಃಖ ಇವನಿಗೆ? ರಾತ್ರಿಯೆಲ್ಲ ಬೆಳಕು ಹಚ್ಚಿಕೊಂಡು ಏನು ಮಾಡುತ್ತಾನೆ? ಕೊನೆಗೆ ಒಂದೇ ಆಸೆ ಉಳಿಯಿತು. ಚಾರ್ಜರೇ ಸುಳ್ಳು ಹೇಳುತ್ತಿರಬಹುದು. ಸುಳ್ಳು ಹೇಳುತ್ತಿರಲಿ ದೇವರೇ ಎಂದು, ಚಾರ್ಜರನ್ನೂ ಸೆಲ್ಲುಗಳನ್ನೂ ಹೊತ್ತುಕೊಂಡು ಖಾಸಿಂ ಸಾಬರ ಅಂಗಡಿಗೆ ಹೋದೆ.

"ಸಾಬ್ರ, ಇದು ಕೆಟ್ಟದ ಅಂತ ಹೇಳ್ರಿ," ಎಂದೆ.

ಅವರು ಗಾಬರಿಯಾಗಿ ಸ್ಟೂಲು ಎಳೆದು ಕೂರಿಸಿದರು, ನೀರು ಕೊಟ್ಟರು. ನಾನು ಎಲ್ಲ ಹೇಳಿದೆ. ಅವರು ಸೆಲ್ಲನ್ನು ಉಗುರಿನಿಂದ ಕುಟ್ಟಿ ನೋಡಿದರು.

"ಒಂದು ಮಾತದ. ನಿಕ್ಕಲ್ ಸೆಲ್ ಹಳೇದಾದ್ರ ಚಾರ್ಜರಿಗಿ ಮೋಸ ಮಾಡ್ತದ. ಒಳಗ ಜೀವ ಇರೂದಿಲ್ಲ, ಆದ್ರೂ ತುಂಬೀನಿ ಅಂತ ತೋರಸ್ತದ. ಎಂಥ ಚೊಲೊ ಚಾರ್ಜರಿದ್ರೂ ಒಮ್ಮೊಮ್ಮೆ ನಂಬಿಬಿಡ್ತದ. ಹಾಡಿಸಿ ನೋಡೂಣು. ಸತ್ತ ಸೆಲ್ಲಾದ್ರ ಚಾ ಕುಡಿಯೂದ್ರಾಗ ರೇಡಿಯೋ ಬಂದ್ ಆಗ್ತದ."

ಅಂಗಡಿಯ ಒಂದು ರೇಡಿಯೋಕ್ಕೆ ಸೆಲ್ಲು ಹಾಕಿ ಹಚ್ಚಿದರು. ಚಹಾ ಬಂತು, ಕುಡಿದೆವು. ಹಾಡು ನಿಲ್ಲಲಿಲ್ಲ. ನಿಲ್ಲು, ನಿಲ್ಲು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಗಿರಾಕಿಗಳು ಬಂದರು, ಹೋದರು. ಹಳೆಯ ಹಾಡೊಂದು ಬಂತು. ಗದ್ದೆಪ್ಪ ಅದನ್ನು ಗುನುಗಿದರೆ ಎರಡನೆಯ ಸಾಲಿಗೇ ಹಾದಿ ತಪ್ಪುತ್ತಿದ್ದ. ನನಗೆ ಅಲ್ಲೇ, ಎಲ್ಲರೆದುರಿಗೇ ಅಳು ಬಂತು. ಮಧ್ಯಾಹ್ನ ಇಳಿದರೂ ರೇಡಿಯೋ ಹಾಡುತ್ತಲೇ ಇತ್ತು. ಸಾಬರೇ ಅದನ್ನು ಆರಿಸಿದರು.

"ಚಾರ್ಜರ್ ಖರೇನ ಹೇಳೇದ ಯಕ್ಕಾ. ಸೆಲ್ ತುಂಬಿ ಅದಾವು. ಅಂವ ರೇಡಿಯೋ ಮುಟ್ಟಿಲ್ಲ. ಇನ್ನ ನನ್ನ ಕೇಳಿದ್ರ ಏನ್ ಉಪಯೋಗ? ಹೋಗಿ ಅವನ ಮುಖಾ ನೋಡ್ಕೊಂಡು ಬಾ."

ಮರುದಿನ ಎಮ್ಮೆಯನ್ನು ಪಕ್ಕದ ಮನೆಯ ಸೂಗಮ್ಮನಿಗೆ ಒಪ್ಪಿಸಿ ಪ್ರಭುರಾಜನ ಬಸ್ಸು ಹತ್ತಿದೆ. ಗಬ್ಬೂರು ದಾಟಿ, ದೇವದುರ್ಗ ಇನ್ನೂ ಮುಂದಿರುವಾಗಲೇ ಒಂದು ಬೇವಿನ ಮರದ ಹತ್ತಿರ ಇಳಿಸಿದ. ಕರಿಮಣ್ಣಿನ ಹೊಲ, ಒಣಗಿದ ಹತ್ತಿಕಟ್ಟಿಗೆಯ ನಡುವೆ ನಮ್ಮ ಕುರಿ ಮೇಯುತ್ತಿದ್ದವು. ಬದುವಿನ ಮೇಲೆ ನನಗೆ ಬೆನ್ನು ಮಾಡಿ ಗದ್ದೆಪ್ಪ ಕುಳಿತಿದ್ದ. ಆ ಬೆನ್ನು ಕಂಡದ್ದೇ ನನ್ನ ಮೊಣಕಾಲಿನ ನೋವೆಲ್ಲ ಮರೆತುಹೋಯಿತು.

"ಏಯ್! ಇಲ್ಲಿ ನೋಡಿಲ್ಲಿ!" ಎಂದು ಕೂಗಿದೆ.

ನಾಯಿಗಳು ಬೊಗಳುತ್ತಾ ಬಂದವು, ನನ್ನ ಗುರುತು ಹಿಡಿದು ಬಾಲ ಆಡಿಸಿದವು. ಅವನು ಅಲುಗಾಡಲಿಲ್ಲ. ಮತ್ತೆ ಕೂಗಿದೆ. ಕುರಿಗಳು ತಲೆ ಎತ್ತಿ ನೋಡಿದವು, ಅವನು ನೋಡಲಿಲ್ಲ. ಸಿಟ್ಟು ನೆತ್ತಿಗೇರಿತು. ಇಷ್ಟು ದೂರ ಕುಂಟುತ್ತಾ ಬಂದವಳಿಗೆ ಬೆನ್ನು ತೋರಿಸುತ್ತಾನೆಯೇ? ಒಂದು ಹೆಂಟೆ ಎತ್ತಿ ಅವನ ಪಕ್ಕಕ್ಕೆ ಎಸೆದೆ.

ಬೆಚ್ಚಿಬಿದ್ದು ಎದ್ದ. ನನ್ನನ್ನು ಕಂಡು ಅವನ ಮುಖ ಅರಳಿತು. ಮರುಗಳಿಗೆಯೇ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಸಣ್ಣದಾಯಿತು. ಗಲ್ಲ ಒಳಗೆ ಹೋಗಿದ್ದವು, ಕಣ್ಣು ಕೆಂಪಾಗಿದ್ದವು.

"ಒದರಿ ಒದರಿ ನನ್ನ ಗಂಟಲ ಹರದು ಹೋತು. ಕೇಳಸೂದಿಲ್ಲೇನ್?" ಎಂದೆ.

ಅವನು ನನ್ನ ತುಟಿಗಳನ್ನೇ ನೋಡುತ್ತಾ ತಲೆಯಾಡಿಸಿದ.

"ಹ್ಞೂಂ," ಎಂದ. "ಚೊಲೊ ಅದ."

ನನ್ನ ಸಿಟ್ಟು ಅಲ್ಲೇ ಸತ್ತಿತು. ಹತ್ತಿರ ಹೋಗಿ, ಅವನ ತಲೆಯ ರುಮಾಲು ಸರಿಸಿ, ಬಲಗಿವಿಗೆ ಬಾಯಿ ಹಚ್ಚಿ ಕೇಳಿದೆ. "ಯಾವಾಗಿಂದ?"

"ಚಳಿಯಾಗ ಜ್ವರ ಬಂದಿತ್ತು," ಎಂದ. "ಕಿವಿ ಸೋರಾಕತ್ತಿತು. ಮೊದಲ ಎಡಕಿನದು ಹೋತು. ಈಗ ಇದೂ ಅಷ್ಟಕ್ಕಷ್ಟ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಕುರಿ ಮಾರು ಅಂತಿದ್ದಿ."

ಅನ್ನುತ್ತಿದ್ದೆ, ಸುಳ್ಳಲ್ಲ. ಆಮೇಲೆ ಒಂದೊಂದೇ ಬಾಯಿಬಿಟ್ಟ. ರಾತ್ರಿ ಕುರಿಯ ಗಂಟೆ ಕೇಳುವುದಿಲ್ಲ, ನಾಯಿ ಬೊಗಳಿದರೆ ಕೇಳುವುದಿಲ್ಲ, ತೋಳ ಬಂದರೆ ಗೊತ್ತಾಗುವುದಿಲ್ಲ. ಅದಕ್ಕೆ ಬೆಳಗಾಗುವ ತನಕ ಟಾರ್ಚು ಹಚ್ಚಿ ಆರಿಸಿ ಕುರಿ ಎಣಿಸುತ್ತಾ ಕೂರುತ್ತಿದ್ದ. ರೇಡಿಯೋದ ಸೆಲ್ಲು ಬೇಡ ಎಂದರೆ ನಾನು ಯಾಕೆ ಎಂದು ಕೇಳುತ್ತೇನಲ್ಲ, ಅದಕ್ಕೆ ಸುಮ್ಮನೆ ಇಸಿದುಕೊಂಡು ಸುಮ್ಮನೆ ವಾಪಸು ಕಳಿಸುತ್ತಿದ್ದ. ಚಾರ್ಜರಿನ ಗೆರೆ ನೋಡಿಯೇ ನಾನು ಓಡಿ ಬಂದದ್ದು ಎಂದು ಅವನ ಕಿವಿಯಲ್ಲಿ ಹೇಳಿದೆ.

"ಆ ಡಬ್ಬಿ ಇಷ್ಟೆಲ್ಲಾ ಹೇಳ್ತದಂತ ನನಗೇನ್ ಗೊತ್ತು?" ಎಂದ.

"ನಿನಗಿಂತ ಅದ ನೆಟ್ಟಗ ಹೇಳ್ತದ. ಮತ್ತ ಫೋನಿನ್ಯಾಗ ಏನಂತ ಹ್ಞೂಂ ಅಂತಿದ್ದಿ?"

ಅವನು ನಾಚಿಕೊಂಡ. ಅರವತ್ತರ ಗಂಡಸು, ಹುಡುಗನ ಹಾಗೆ ನೆಲ ನೋಡಿದ. "ಮಾತು ತಿಳೀತಿದ್ದಿಲ್ಲ. ನಿನ್ನ ದನಿ ಗುಂಯ್ ಅಂತ ಬರ್ತಿತ್ತು. ಬೈಯಾಕತ್ತಾಳ ಅಂತ ಅಷ್ಟ ಗೊತ್ತಾಗ್ತಿತ್ತು. ಬೈಯಾಕತ್ತಾಳ ಅಂದಮ್ಯಾಲೆ ಆರಾಮ ಅದಾಳ ಅಂತ, ಚೊಲೊ ಅದ ಅಂತಿದ್ದೆ."

ನಾನು ನಕ್ಕೆ. ನಗುತ್ತಿರುವಾಗಲೇ ಅವನು ಇನ್ನೊಂದು ಮಾತು ಸೇರಿಸಿದ.

"ಒಮ್ಮೆರ ಮನಿಗಿ ಬಾ ಅಂತೀ ಏನೋ ಅಂತ ಕಾದೆ. ಅದೊಂದು ಮಾತು ಅಂದಿದ್ರ ಹೆಂಗರ ಕೇಳಸ್ತಿತ್ತು ಅನಕೊಂಡಿದ್ದೆ. ನೀ ಅನ್ನಲೇ ಇಲ್ಲ."

ಪ್ರತಿದಿನ ಸಂಜೆ ಅದೊಂದನ್ನೇ ಅಲ್ಲವೇ ನಾನು ಕೇಳಿದ್ದು? ಅಲ್ಲಿ ಕಲ್ಮಲದಲ್ಲಿ ನಾನು ಉತ್ತರಕ್ಕೆ ಕಾದೆ, ಇಲ್ಲಿ ಬದುವಿನ ಮೇಲೆ ಇವನು ಆ ಪ್ರಶ್ನೆಗೇ ಕಾದ. ಇಬ್ಬರೂ ಒಬ್ಬರಿಗೊಬ್ಬರು ಬೇಡವಾದೆವು ಎಂದು ಅಂದುಕೊಂಡು ಇಷ್ಟು ದಿನ ಒಣಗಿದೆವು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದೆ. ನೋಡುವವರು ನಾಯಿ, ಕುರಿ ಅಷ್ಟೇ.

"ರಾಯಚೂರಾಗ ಕಿವಿ ತೋರಸೂಣು," ಎಂದೆ. "ಮಷೀನ್ ಹಾಕ್ತೀನಿ ಅಂದ್ರ ಹಾಕಲಿ. ಅದಕ್ಕ ಯಾವ ಸೆಲ್ ಬೇಕು, ನಮ್ಮ ಚಾರ್ಜರಿಗಿ ಹಾಕಬಹುದೋ ಇಲ್ಲೋ, ಸಾಬ್ರನ್ನ ಕೇಳ್ತೀನಿ. ನಾನ ತುಂಬಿಸಿ ಕೊಡ್ತೀನಿ."

ಎಷ್ಟು ಕೇಳಿಸಿತೋ, ತಲೆಯಾಡಿಸಿದ. ನಾನು ಎದ್ದು ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, ಆಚೆ ಹೊಲದವರಿಗೂ ಕೇಳುವಂತೆ ಒದರಿದೆ.

"ಮನಿಗಿ ಯಾವಾಗ ಬರ್ತಿ?"

ಅವನು ನನ್ನ ಮುಖ ನೋಡಿದ.

"ಚೊಲೊ ಅದ," ಎಂದ.

ಈ ಮಾತೂ ಅವನಿಗೆ ಮುಟ್ಟಲಿಲ್ಲ ಎಂದುಕೊಂಡೆ. ಆಗ ಅವನ ಮೀಸೆ ಅಲುಗುತ್ತಿರುವುದು ಕಂಡಿತು. ನಗು ತಡೆದುಕೊಳ್ಳಲಾಗದೆ ಅವನ ಹೆಗಲೂ ಕುಣಿಯುತ್ತಿತ್ತು. ಈ ವಯಸ್ಸಿನಲ್ಲಿ ನನ್ನ ಜೊತೆ ಆಟ! ಹೊಡೆಯಲು ಕೈ ಎತ್ತಿದೆ. ಅವನು ಆ ಕೈ ಹಿಡಿದುಕೊಂಡ.

"ನಾಳಿಗಿ," ಎಂದ.